ವಾರಗಿತ್ತಿ ಹತ್ತಿದ ಬೆಂಕಿಬೆಟ್ಟ

"ಭೈರವನ ಗುಡ್ಡಕ್ಕೆ ದಾರಿ ಇದೇನಾ?"

ಕಾಫಿ ಹಣ್ಣು ಕುಯ್ಯುತ್ತಿದ್ದ ಹೆಂಗಸು ಗಿಡದ ಮರೆಯಿಂದ ತಲೆ ಎತ್ತಿ ಮೊದಲು ನನ್ನ ಬರಿಗಾಲು ನೋಡಿದಳು. "ಇದು ಎಸ್ಟೇಟ್ ರೈಟರ್ ಮನೆ ದಾರಿ ಅಮ್ಮ. ಗುಡ್ಡ ನಿಮ್ಮ ಬೆನ್ನ ಹಿಂದಿದೆ."

ಇಂಥದ್ದು ನನಗೆ ಆಗುತ್ತಲೇ ಇರುತ್ತದೆ. ಪ್ರವಾಸಿಗಳ ತಂಡ ಕಟ್ಟಿಕೊಂಡು ದೇಶ ಸುತ್ತಿಸುವುದು ನನ್ನ ಉದ್ಯೋಗ. ಇಸ್ತಾಂಬುಲ್ಲಿನ ಪೇಟೆಯಲ್ಲಿ ನಲವತ್ತು ಜನರನ್ನು ಒಬ್ಬರೂ ತಪ್ಪಿಹೋಗದಂತೆ ದಾಟಿಸಿದವಳು ನಾನು. ಕಳಸದ ಹತ್ತಿರ ಗಂಡನ ಮನೆಯವರು ನಂಬಿದ ಗುಡ್ಡ ಹುಡುಕಲು ಮಾತ್ರ ದಾರಿ ಕೇಳಬೇಕು. ಪ್ರತಿ ಸಲ ಜೀಪಿನಲ್ಲಿ ಇನ್ನೊಂದು ಕಡೆಯಿಂದ ಬರುತ್ತಿದ್ದೆವು. ಈ ಸಲ ಕಾಲುದಾರಿಯಲ್ಲೇ ಬರುತ್ತೇನೆಂದು ಒಪ್ಪಿಕೊಂಡಿದ್ದೆ.

"ಹರಕೆಯಾ?" ಎಂದಳು ಹೆಂಗಸು.

"ಹೂಂ."

"ಏನಕ್ಕೆ?"

ನನ್ನ ಹಿಂದೆ ಚೀಲ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದ ವಾರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ನಡುವೆ ಬಾಯಿ ಹಾಕಿದಳು. "ಬೆಳಗಿಂದ ನಾನೂ ಅದನ್ನೇ ಕೇಳ್ತಿದ್ದೀನಿ ಮಾರಾಯ್ತಿ. ಅಕ್ಕ ಬಾಯೇ ಬಿಡ್ತಿಲ್ಲ."

"ಮೇಲೆ ಹೋದ್ಮೇಲೆ ಬಿಡ್ಲೇಬೇಕಲ್ಲ," ಹೆಂಗಸು ನಕ್ಕಳು. "ಇಂಥದ್ದಕ್ಕೆ ಹೊತ್ತ ಹರಕೆ ಅಂತ ಪೂಜಾರ್ರು ಗಟ್ಟಿಯಾಗಿ ಕೂಗಿ ಹೇಳ್ತಾರೆ. ಇಲ್ದಿದ್ರೆ ಭೈರವ ತಗೊಳ್ಳಲ್ಲ."

ಅಲ್ಲಿಂದಲೇ ಮನೆಗೆ ಹಿಂದಿರುಗಿಬಿಡೋಣ ಅನ್ನಿಸಿತು. ಯಾಕೆಂದರೆ ಆ ಹರಕೆ ಹೊತ್ತದ್ದೇ ಈ ವಾರಗಿತ್ತಿಯ ವಿರುದ್ಧ.

ಕರೆ ಬಂದದ್ದು ಅವಳಿಗೆ

ಇವಳ ಲೋಕಸಂಚಾರವೆಂದರೆ ಈಚೆ ಚಿಕ್ಕಮಗಳೂರು, ಆಚೆ ಮಂಗಳೂರು. ಮಂಗಳೂರಿಗೆ ಹೋಗುವಾಗಲೂ ಕೊಟ್ಟಿಗೆಹಾರ ದಾಟಿದ ಕೂಡಲೇ ನಿದ್ದೆ. ಜನ ಫೋಟೋ ತೆಗೆಯಲು ಗಾಡಿ ನಿಲ್ಲಿಸುವ ಚಾರ್ಮಾಡಿ ಘಾಟಿಯನ್ನು ಇವಳು ಒಂದು ಸಲವೂ ಕಣ್ಣು ಬಿಟ್ಟು ಇಳಿದವಳಲ್ಲ.

ಅಂಥವಳು ಕಳೆದ ಕೊಯ್ಲಿನಲ್ಲಿ ಕಣದ ಮೂಲೆಯಲ್ಲಿ ತನ್ನ ಪಾಡಿಗೆ ಒಂದಿಷ್ಟು ಕಾಫಿ ಹಣ್ಣನ್ನು ಸಿಪ್ಪೆ ಸಮೇತ ನಿಧಾನಕ್ಕೆ ಒಣಗಿಸಿದಳು. ತೋಟ ನೋಡಲು ಬಂದ ಜಪಾನಿನ ವ್ಯಾಪಾರಿ ಅದರ ಒಂದು ಲೋಟ ಕುಡಿದು ಕಣ್ಣು ಮುಚ್ಚಿ ಕೂತುಬಿಟ್ಟ. ಸಿಹಿ ಸಾಲಲಿಲ್ಲವೇನೋ ಎಂದು ಮೈದುನ ಸಕ್ಕರೆ ಡಬ್ಬಿ ತಂದ. ಆತ ಕಣ್ಣು ಬಿಟ್ಟು ಇವಳ ಕಡೆ ತಿರುಗಿ, "ಈ ಕಾಫಿಯ ಬಗ್ಗೆ ಹೇಳಲು ನೀವು ಒಂದು ವಾರ ನಮ್ಮೂರಿಗೆ ಬರಬೇಕು, ಭಾನುವಾರ ನಾನೂ ನನ್ನ ಹೆಂಡತಿಯೂ ನಿಮ್ಮನ್ನು ಜ್ವಾಲಾಮುಖಿ ಬೆಟ್ಟ ಹತ್ತಿಸುತ್ತೇವೆ, ಸಂಜೆಯೊಳಗೆ ವಾಪಸ್," ಎಂದ.

ಇಪ್ಪತ್ತು ದೇಶ ನೋಡಿದ ನಾನು ಜಪಾನ್ ನೋಡಿಲ್ಲ. ಎರಡು ಸಲ ಟಿಕೆಟ್ ಮಾಡಿಸಿದೆ, ಎರಡು ಸಲವೂ ತಂಡ ರದ್ದಾಯಿತು. ಈಗ ಇವಳು ನನ್ನ ಮುಂದೆ ನೋಟ್‌ಬುಕ್ ಹಿಡಿದು ಬಂದಳು. "ಅಕ್ಕ, ನೀವು ದೇಶ ಕಂಡವರು. ಬೆಟ್ಟದ ಪ್ಲಾನ್ ಒಂದು ಬರೆದುಕೊಡಿ."

ಜಪಾನ್ ನಾನೇ ಬೇಡ ಅಂದ ಗಂಡಾಗಿದ್ದರೆ ಸಹಿಸಬಹುದಿತ್ತು. ನನ್ನನ್ನು ಎರಡೆರಡು ಸಲ ಬೇಡ ಅಂದ ಗಂಡಿನ ಮದುವೆಗೆ ಸೀರೆ ಆರಿಸಿಕೊಡು ಎಂದ ಹಾಗಾಯಿತು.

ಇಂಬಳ ಇಲ್ಲದ ಜಾಗ

ಆದರೂ ಬರೆದೆ. ಹೊಟ್ಟೆ ಉರಿದರೂ ಕೆಲಸ ಕೆಡಿಸುವ ಅಭ್ಯಾಸ ನನಗಿಲ್ಲ. ಬೆಳಿಗ್ಗೆ ಆರರ ರೈಲು, ಎಂಟಕ್ಕೆ ಹತ್ತಲು ಶುರು, ಮಧ್ಯಾಹ್ನ ಹನ್ನೆರಡಕ್ಕೆ ತುದಿ, ಮೂರರೊಳಗೆ ಕೆಳಗೆ. ಒಬ್ಬಳೇ ಬೆಟ್ಟ ಹತ್ತಬಾರದು. ಕರಡಿಗಳು ದೂರದಿಂದಲೇ ಕೇಳಿ ಸರಿದುಹೋಗುವಂತೆ ಚೀಲಕ್ಕೊಂದು ಗಂಟೆ ಕಟ್ಟಿಕೊಳ್ಳಬೇಕು.

ಎಲ್ಲ ಓದಿ ಇವಳು ಕೇಳಿದ್ದು ಒಂದೇ ಪ್ರಶ್ನೆ, ಮಲೆನಾಡಿನ ಜಿಗಣೆಯದ್ದು. "ಇಂಬಳ ಹತ್ತಿದ್ರೆ ಏನ್ಮಾಡೋದು? ಸುಣ್ಣ, ಹೊಗೆಸೊಪ್ಪು ವಿಮಾನದಲ್ಲಿ ಬಿಡ್ತಾರಾ?"

"ಅದು ಬೆಂಕಿಬೆಟ್ಟ ಮಾರಾಯ್ತಿ. ಮೇಲೆಲ್ಲ ಕಲ್ಲು, ಬೂದಿ, ಗಂಧಕದ ಹೊಗೆ. ಅಲ್ಲೆಲ್ಲಿ ಇಂಬಳ?"

ಇವಳು ನೋಟ್‌ಬುಕ್ ಮುಚ್ಚಿದಳು. "ಇಂಬಳವೂ ಇರದ ಜಾಗಕ್ಕೆ ಮನುಷ್ಯರು ಯಾಕಕ್ಕ ಹೋಗೋದು?"

"ಹಾಗಾದ್ರೆ ಹೋಗ್ಬೇಡ!" ಎಂದೆ, ಬಹಳ ಆಸೆಯಿಂದ.

"ಛೆ, ನೀವು ಇಷ್ಟು ಪ್ರೀತಿಯಿಂದ ಬರೆದುಕೊಟ್ಟಿದ್ದೀರ," ಎಂದು ನೋಟ್‌ಬುಕ್ ಎದೆಗೊತ್ತಿಕೊಂಡು ಹೋದಳು.

ಗಂಟೆ

ಗಂಟೆಯನ್ನು ಮೈದುನ ಕೊಟ್ಟಿಗೆಯಿಂದಲೇ ತಂದ. ಮುದಿ ಹಸುವಿನ ಕೊರಳಿನದು. ಅದನ್ನು ಚೀಲಕ್ಕೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ತೋಟದ ಏರಿನಲ್ಲಿ ಇವಳ ಅಭ್ಯಾಸ. ಮೊದಲನೇ ದಿನ ಏರು ಮುಗಿಸಿ ತಿರುಗಿ ನೋಡಿದರೆ ಹಿಂದೆ ನಮ್ಮ ಎರಡು ಹಸು, ಒಂದು ಕರು, ಪಕ್ಕದ ಎಸ್ಟೇಟಿನದೊಂದು ಎಮ್ಮೆ.

ತೋಟದ ಮೇಸ್ತ್ರಿ ಟೊಪ್ಪಿ ತೆಗೆದು ಕೇಳಿದ, "ಅಮ್ಮಾವ್ರೇ, ಇವಕ್ಕೂ ವೀಸಾ ಆಗಿದ್ಯಾ?"

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ನೆನಪಾಯಿತು: ನಾನು ಇಪ್ಪತ್ತು ದೇಶಕ್ಕೆ ಹೊರಟಾಗ ಒಂದು ಕರುವೂ ಗೇಟಿನ ತನಕ ಬಂದು ಬೀಳ್ಕೊಟ್ಟಿರಲಿಲ್ಲ.

ಭೈರವನಿಗೆ ಕಿವಿ ಕೇಳಿಸಿತು

ಹೊರಡುವ ದಿನ ಮನೆಮಂದಿಯೆಲ್ಲ ಜೀಪಿನಲ್ಲಿ ಗುಡ್ಡಕ್ಕೆ ಹೋಗಿ ಕೈ ಮುಗಿದೆವು. ಎಲ್ಲರೂ ಅವಳಿಗೆ ಒಳ್ಳೆಯದಾಗಲಿ ಅಂದರು. ನಾನು ಕಣ್ಣು ಮುಚ್ಚಿ ಬೇರೆಯೇ ಕೇಳಿದೆ. ಕಾಲು ಉಳುಕಲಿ ಎನ್ನುವಷ್ಟು ಕೆಟ್ಟವಳಲ್ಲ. ತುದಿಯಲ್ಲಿ ಮೋಡ ಮುಚ್ಚಲಿ, ಏನೂ ಕಾಣದಿರಲಿ, ಫೋಟೋ ಬರದಿರಲಿ, ಅಷ್ಟೇ. ಹಾಗಾದರೆ ಕಾಲುದಾರಿಯಲ್ಲಿ ಬರಿಗಾಲಲ್ಲಿ ಬಂದು ಕಾಯಿ ಒಡೆಸುತ್ತೇನೆ.

ನನ್ನ ಮೊಣಕಾಲು, ಕಾಫಿ ರೇಟು, ಯಾವುದರ ಬಗ್ಗೆ ಕೇಳಿಕೊಂಡರೂ ಭೈರವ ಕಿವಿಗೊಟ್ಟವನಲ್ಲ. ಆ ಧೈರ್ಯದಿಂದಲೇ ಹರಕೆ ಹೊತ್ತೆ.

ಭಾನುವಾರ ಫೋಟೋ ಬಂತು. ಪೂರಾ ಬೆಳ್ಳಗೆ. ನಡುವೆ ಒಂದು ಉಣ್ಣೆ ಟೋಪಿ, ಒಂದು ದನದ ಗಂಟೆ. "ಫೋನ್ ಕೆಟ್ಟಿದೆಯಾ?" ಎಂದರು ನನ್ನ ಗಂಡ. ಆವತ್ತು ಮೊದಲ ಸಲ ವಾರಗಿತ್ತಿ ಒಣಗಿಸಿದ ಕಾಫಿ ನನಗೂ ಬಹಳ ರುಚಿಸಿತು.

ಎರಡನೇ ಲೋಟದ ಹೊತ್ತಿಗೆ ಹೆದರಿಕೆ ಶುರುವಾಯಿತು. ಇಷ್ಟು ವರ್ಷದಲ್ಲಿ ದೇವರು ನನ್ನ ಒಂದೇ ಒಂದು ಮಾತು ನಡೆಸಿಕೊಟ್ಟಿದ್ದ. ಅದೂ ಇದನ್ನು!

ಹರಕೆ ತೀರಿಸುವುದನ್ನು ಹಣ್ಣು ಕುಯ್ಯುವ ಕಾಲ ಬರುವ ತನಕ ಮುಂದೆ ತಳ್ಳಿದೆ. ಕೊನೆಗೆ ಕಾಯಿ ತಗೊಂಡು ಮೆಲ್ಲಗೆ ಹೊರಟರೆ ಇವಳು ಬಾಗಿಲಲ್ಲೇ ಹಿಡಿದಳು. "ಒಬ್ಬರೇ ಬೆಟ್ಟ ಹತ್ತಬಾರದು ಅಂತ ನೀವೇ ಬರೆದಿದ್ದೀರಲ್ಲ ಅಕ್ಕ. ನಾನೂ ಬರ್ತೀನಿ."

ಗುಡ್ಡದ ಮೇಲೆ

ತುದಿ ತಲುಪುವಷ್ಟರಲ್ಲಿ ನನ್ನ ಅಂಗಾಲು ಉರಿಯುತ್ತಿತ್ತು, ತಲೆಯಲ್ಲಿ ಹತ್ತು ಸುಳ್ಳು ತಯಾರಾಗಿದ್ದವು. ಆದರೆ ಭೈರವನ ಬೆಳ್ಳಿಯ ಕಣ್ಣು ಕಂಡ ಕೂಡಲೇ ಹತ್ತನ್ನೂ ಅಲ್ಲೇ ಕೈಬಿಟ್ಟೆ.

"ಹರಕೆ ಯಾರದ್ದು?" ಎಂದರು ಪೂಜಾರಿ.

ನಾನು ಬಾಯಿ ತೆರೆಯುವ ಮೊದಲೇ ವಾರಗಿತ್ತಿ ತನ್ನ ಚೀಲದಿಂದ ಒಂದು ಕಾಯಿ ತೆಗೆದಳು. "ಮೊದಲು ನಂದು ಒಪ್ಪಿಸಿಬಿಡಿ. ಜಪಾನಿನ ಬೆಟ್ಟದಲ್ಲಿ ಮೋಡ ಮುಚ್ಚಿಸಿ ಏನೂ ಕಾಣದ ಹಾಗೆ ಮಾಡಿದ್ದಕ್ಕೆ."

"ಏನೂ ಕಾಣದ ಹಾಗಾ?" ಪೂಜಾರಿ ಕೈಯಲ್ಲಿದ್ದ ಆರತಿ ನಿಂತಿತು.

"ಹೌದು. ನಂಗೆ ಎತ್ತರದಿಂದ ಕೆಳಗೆ ನೋಡಿದ್ರೆ ಕೈಕಾಲು ನಡುಗುತ್ತೆ. ಘಾಟಿ ಇಳಿಯುವಾಗ ನಾನು ನಿದ್ದೆ ಮಾಡಲ್ಲ ಅಕ್ಕ, ಕಣ್ಣು ಮುಚ್ಕೊಂಡಿರ್ತೀನಿ. ನೀವು ಅಷ್ಟು ಚೆನ್ನಾಗಿ ಬರೆದುಕೊಟ್ಟಿದ್ರಲ್ಲ, ಹತ್ತಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ. ಭೈರವಾ, ನಂಗೆ ಕೆಳಗೆ ಏನೂ ಕಾಣಿಸ್ಬೇಡ ಅಂತ ಕೇಳ್ಕೊಂಡೆ. ಕಾಣಿಸ್ಲೇ ಇಲ್ಲ!"

ಪೂಜಾರಿ ಅದನ್ನು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿ, ಕಾಯಿ ಒಡೆದು, ನನ್ನ ಕಡೆ ತಿರುಗಿದರು. "ನಿಮ್ಮದು?"

"ನಂದೂ... ಅದಕ್ಕೇ," ಎಂದೆ. ಅಕ್ಷರಶಃ ಸತ್ಯ. "ಇವಳಿಗೆ ಏನೂ ಕಾಣದಿರಲಿ ಅಂತ."

ವಾರಗಿತ್ತಿ ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು. "ನಂಗೆ ಹೆದರಿಕೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಅಕ್ಕ? ನಂಗೋಸ್ಕರ ಬರಿಗಾಲಲ್ಲಿ ಬಂದ್ರಾ?"

"ಇಂಥ ವಾರಗಿತ್ತಿ ಸಿಗೋಕೆ ಪುಣ್ಯ ಬೇಕು," ಎಂದರು ಪೂಜಾರಿ, ನನ್ನನ್ನು ತೋರಿಸಿ. ಭೈರವ ಮಾತ್ರ ಬೆಳ್ಳಿಯ ಕಣ್ಣು ಅಗಲಿಸಿಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ಬೇಗ ಬೇಗ ಕಾಯಿ ಕೊಟ್ಟೆ.

ಹರಕೆ ತೀರಿತು. ಅವಳ ಕಾಯಿ ನಡುಮಧ್ಯಕ್ಕೆ ಚೊಕ್ಕ ಎರಡು ಹೋಳಾಗಿತ್ತು. ನನ್ನದು ಮೂರು ಚೂರಾಯಿತು. ನೋಡಿ, ಅದಕ್ಕೂ ಹೊಟ್ಟೆ ಉರಿಯಿತು.