ಮಾವನ ಬ್ಯಾಟರಿ ವ್ಯಾಪಾರ

ನಮ್ಮ ಸೋದರಮಾವ ಬರುವುದನ್ನು ಕಂಡರೆ ದಾವಣಗೆರೆಯ ಮಂಡಿಪೇಟೆಯ ಅಂಗಡಿಯವರು ಶಟರ್ ಎಳೆದುಕೊಳ್ಳುತ್ತಾರೆ ಎಂದು ಜನ ಆಡಿಕೊಳ್ಳುವುದು ಶುದ್ಧ ಸುಳ್ಳು. ನಾನೇ ಕಣ್ಣಾರೆ ನೋಡಿದ್ದೇನೆ, ಅರ್ಧ ಮಾತ್ರ ಎಳೆಯುತ್ತಾರೆ! ಉಳಿದರ್ಧದಲ್ಲಿ ಬಗ್ಗಿ ಒಳಗೆ ನುಗ್ಗುವುದು ಮಾವನಿಗೆ ಚೆನ್ನಾಗಿ ರೂಢಿಯಾಗಿದೆ.

ಹೇಳಿದ ಬೆಲೆಗೆ ಒಂದು ವಸ್ತು ಕೊಂಡರೆ ಅವರಿಗೆ ಆ ದಿನ ಉಂಡ ಅನ್ನ ಅರಗುವುದಿಲ್ಲ. ಹಾಗಂತ ಕೈಯಲ್ಲಿ ಕಾಸಿಲ್ಲದವರೇನಲ್ಲ, ಹರಿಹರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಚೌಕಾಸಿ ಅವರ ಪಾಲಿಗೆ ಉಳಿತಾಯವಲ್ಲ, ವ್ಯಾಯಾಮ. ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ನಿಂತು ಬರಬೇಕಾದ ದಿನ ಕಂಡಕ್ಟರನ ಜೊತೆ ಜಗಳ ತೆಗೆದಿದ್ದರು: "ಏನ್ರಿ, ಕುಂತೋರಿಗೂ ಅದೇ ರೇಟು, ನಿಂತೋರಿಗೂ ಅದೇ ರೇಟು. ಇದ್ಯಾವ ನ್ಯಾಯಾರಿ?" ಇನ್ನೊಮ್ಮೆ ನನಗೆ ದೋಸೆ ತಿನ್ನಿಸುತ್ತೇನೆಂದು ಕರೆದುಕೊಂಡು ಹೋಗಿ, "ಬೆಣ್ಣಿ ಹಾಕಬ್ಯಾಡ್ರಿ, ಎಷ್ಟು ಕಡಿಮಿ ಮಾಡ್ತೀರಿ?" ಎಂದುಬಿಟ್ಟರು. ದಾವಣಗೆರೆಯಲ್ಲಿ! ಅದೂ ಬೆಣ್ಣೆ ದೋಸೆ ಹೋಟೆಲಿನಲ್ಲಿ! ಹಂಚಿನ ಮುಂದೆ ನಿಂತಿದ್ದಾತ ಸೌಟು ಹಿಡಿದೇ ಹೊರಗೆ ಬಂದು ಮಾವನ ಮುಖ ನೋಡಿ ಹೋದ. ಅದಾದ ಮೇಲೆ ನಾನು ಎಷ್ಟೋ ತಿಂಗಳು ಆ ರಸ್ತೆಯಲ್ಲೇ ಹಾಯಲಿಲ್ಲ.

ಇಂಥವರ ಕೈಗೆ ದುಬೈಯಲ್ಲಿದ್ದ ಅಳಿಯ, ಮಗಳ ಗಂಡ, ಒಂದು ಡ್ರಿಲ್ ತಂದುಕೊಟ್ಟ. ವೈರೇ ಇಲ್ಲದ ಡ್ರಿಲ್! ಹಿಡಿಕೆಯ ಕೆಳಗೆ ಒಂದು ಬ್ಯಾಟರಿ ಸಿಕ್ಕಿಸಿದರೆ ಸಾಕು, ಗುರ್ರೆಂದು ತಿರುಗುತ್ತಿತ್ತು. ಆಗೆಲ್ಲ ಸಂಜೆಯಾದರೆ ಕರೆಂಟು ಹೋಗುತ್ತಿದ್ದ ಕಾಲ. ಹರಿಹರದ ಆ ಓಣಿ ಪೂರ್ತಿ ಕತ್ತಲಲ್ಲಿ ಕೂತಿರುವಾಗ ಮಾವನ ಮನೆಯಿಂದ ಮಾತ್ರ ಗುರ್ರ್ ಗುರ್ರ್ ಎಂಬ ಸದ್ದು. ಕ್ಯಾಲೆಂಡರಿಗೆ ಒಂದು ತೂತು, ಕನ್ನಡಿಗೆ ಒಂದು, ಮುಂದೆ ಯಾವತ್ತಾದರೂ ಬರಬಹುದಾದ ಫೋಟೋಗಳಿಗೆಂದು ಮುಂಗಡವಾಗಿ ಒಂದು ಸಾಲು! ಅತ್ತೆ ಬಂದವರಿಗೆಲ್ಲ ಗೋಡೆ ತೋರಿಸುತ್ತಿದ್ದರು: "ನೋಡ್ರಿ, ನಮ್ಮ ಮನಿ ಗೋಡಿಗೆ ಸಿಡುಬು ಎದ್ದೈತಿ."

ಪುಣ್ಯಕ್ಕೆ ಬ್ಯಾಟರಿ ಸತ್ತಿತು. ನಡುಮನೆಯ ಗೋಡೆಯಲ್ಲಿ ಅರ್ಧ ತೂತು ಕೊರೆಯುತ್ತಿದ್ದಾಗಲೇ ಗುರ್ರ್ ಎನ್ನುವುದು ಮುಲುಗಾಟವಾಗಿ ನಿಂತುಹೋಯಿತು. ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಮೇಲೇಳಲಿಲ್ಲ. ಫೋರ್‌ಮನ್ ಆಗಿದ್ದವರಿಗೆ ಹೊಸ ಬ್ಯಾಟರಿಯೇ ಬೇಕೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ದುಡ್ಡು ಬಿಚ್ಚುವ ಮೊದಲು ಪುಗಸಟ್ಟೆ ದಾರಿಯನ್ನು ನೋಡಬೇಕಲ್ಲ! ಸತ್ತ ಟಾರ್ಚ್ ಸೆಲ್ಲನ್ನು ಬಿಸಿಲಿಗಿಟ್ಟು ನಾಲ್ಕು ದಿನ ಬದುಕಿಸುವುದನ್ನು ನಾವೆಲ್ಲ ಮಾಡಿದವರೇ. ಮಾವ ಇದನ್ನೂ ಮಾಳಿಗೆಯ ಮೇಲೆ, ಅತ್ತೆಯ ಸಂಡಿಗೆಯ ಪಕ್ಕದಲ್ಲಿ ಒಣಹಾಕಿದರು. ಕಾಗೆ ಬರದಂತೆ ಕಾಯಲು ಛತ್ರಿ ಹಿಡಿದು ಕೂತರು. ಸಂಜೆ ಅತ್ತೆ ಮೊರ ಹಿಡಿದು ಮೇಲೆ ಬಂದು ಎರಡನ್ನೂ ಮುಟ್ಟಿ ನೋಡಿ ಹೇಳಿದರು: "ಸಂಡಿಗಿ ಒಣಗ್ಯಾವು. ನಿಮ್ಮ ಬ್ಯಾಟ್ರಿ ಇನ್ನ ಹಸಿ ಐತಿ ಕಾಣ್ತತಿ."

"ಅಳಿಯನಿಗೆ ಹೇಳಿದ್ರೆ ಅಲ್ಲಿಂದಲೇ ಕಳಿಸ್ತಾನಲ್ಲ ಮಾವ?" ಎಂದೆ ನಾನು.

"ಹುಚ್ಚಾ, ಅಳಿಯನ ಹತ್ರ ಚೌಕಾಸಿ ಮಾಡಾಕ ಆಗ್ತತೇನೋ?" ಎಂದರು.

ಹೀಗೆ ಪ್ರಕರಣ ಮಂಡಿಪೇಟೆಗೆ ಬಂತು. ಅಲ್ಲಿ ಮೊಳೆ, ಸ್ಕ್ರೂ, ಸುತ್ತಿಗೆ, ಡ್ರಿಲ್ ಮಾರುವ ಹಳೆಯ ಅಂಗಡಿಯೊಂದಿದೆ. ಅದರ ಸಾವ್ಕಾರ್ರಿಗೂ ಮಾವನಿಗೂ ಇಬ್ಬರ ತಲೆಕೂದಲು ಕಪ್ಪಗಿದ್ದ ಕಾಲದಿಂದ ನಡೆದುಕೊಂಡು ಬಂದ ಯುದ್ಧ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಮಾವ ಬಂದರೆಂದರೆ ಚಹಾ ಮುಗಿಯುವ ಮೊದಲೇ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದರು. ಸಾಕ್ಷಿಗೆ ಒಬ್ಬ ಬೇಕಲ್ಲ!

ಯುದ್ಧಕ್ಕೂ ಒಂದು ಪದ್ಧತಿ ಇತ್ತು. ಸಾವ್ಕಾರ್ರು ಒಂದು ರೇಟು ಹೇಳುವುದು. ಮಾವ ಅದರ ಅರ್ಧಕ್ಕೂ ಕೆಳಗೆ ಕೇಳುವುದು. ಸಾವ್ಕಾರ್ರು ಗದ್ದಿಗೆಯಿಂದ ಅರ್ಧ ಎದ್ದು "ಗಿಟ್ಟಂಗಿಲ್ಲ!" ಎಂದು ಗರ್ಜಿಸುವುದು. ಆ ಒಂದು ಮಾತಿಗೆ ಎದುರು ಸಾಲಿನ ಬೆಲ್ಲದಂಗಡಿಯ ನೊಣಗಳೆಲ್ಲ ಎದ್ದು ಕೂರುತ್ತಿದ್ದವು! ಮಾವ ಸಿಟ್ಟು ಮಾಡಿಕೊಂಡು ಇಳಿದು ಹೋಗಿ ಬಳೆ ಅಂಗಡಿಯ ಮುಂದೆ ಬೆನ್ನು ತಿರುಗಿಸಿ ನಿಲ್ಲುವುದು. ಆಗ ಹಿಂದಿನಿಂದ ಕೂಗು: "ಬರ್ರಿ ಫೋರ್‌ಮನ್ರೆ, ಕೂಡ್ರಿ, ಚಾ ಕುಡೀರಿ." ಚಹಾ ಕುಡಿದು ಮತ್ತೆ ಮೊದಲಿನಿಂದ ಶುರು.

ಈ ಬ್ಯಾಟರಿಯನ್ನು ಸಾವ್ಕಾರ್ರು ಬೆಂಗಳೂರಿನಿಂದ ತರಿಸಿದರು. ಬೆಲೆ ಎರಡು ಸಾವಿರ ಎಂದರು. ಮಾವ ಎದೆ ಹಿಡಿದುಕೊಂಡರು.

"ಡ್ರಿಲ್ಲಿಗೇ ಅಷ್ಟಿಲ್ಲಲ್ರಿ! ಚಪ್ಲಿಗಿಂತ ಉಂಗುಷ್ಟ ತುಟ್ಟಿ ಅಂದಂಗಾತು! ಐನೂರು ಕೊಡ್ತೀನಿ."

"ಗಿಟ್ಟಂಗಿಲ್ಲ! ಅದರ ಖಾಲಿ ಡಬ್ಬಿನೂ ಬರಂಗಿಲ್ಲ ಐನೂರಕ್ಕ."

ಬಳೆ ಅಂಗಡಿ, ಕೂಗು, ಚಹಾ. ಮುಂದಿನ ವಾರ ಮತ್ತೆ ಅದೇ. ಬ್ಯಾಟರಿ ಗಾಜಿನ ಕಪಾಟಿನಲ್ಲಿ ಕೂತು ಇಬ್ಬರನ್ನೂ ನೋಡುತ್ತಿತ್ತು. ಯಾರೂ ಸೋಲಲಿಲ್ಲ. ನಡುಮನೆಯ ಅರ್ಧ ತೂತು ಅರ್ಧವಾಗಿಯೇ ಉಳಿಯಿತು. ಅತ್ತೆ ಮಾತ್ರ ಸಾವ್ಕಾರ್ರ ಮನೆತನಕ್ಕೆ ಒಳ್ಳೆಯದಾಗಲಿ ಎಂದು ಹರಸುತ್ತಿದ್ದರು.

ಅಷ್ಟರಲ್ಲಿ ಸಾವ್ಕಾರ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಕೆಲವು ತಿಂಗಳಲ್ಲಿ ಕೈ ಸ್ವಲ್ಪ ಸರಿಹೋಯಿತಂತೆ, ಮಾತು ಬರಲಿಲ್ಲ. ಪ್ರಯತ್ನಪಟ್ಟರೆ ಬರುತ್ತದೆ, ಮಾತಾಡಿಸುತ್ತಾ ಇರಿ ಎಂದಿದ್ದರಂತೆ ಡಾಕ್ಟರು. ಆದರೆ ಸಾವ್ಕಾರ್ರು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಮೊದಲ ಸಲ ಬಾಯಿ ತೆರೆದಾಗ ಬಂದ ಸದ್ದಿಗೆ ಅವರಿಗೇ ನಾಚಿಕೆಯಾಗಿ ಮುಚ್ಚಿದ್ದು, ಮತ್ತೆ ತೆರೆದಿಲ್ಲ ಎಂದು ಅವರ ಮಗ ನಮ್ಮ ಹತ್ತಿರ ಹೇಳಿ ಕಣ್ಣೊರೆಸಿಕೊಂಡ.

ಈಗ ಅಂಗಡಿಯಲ್ಲಿ ಕೂರುತ್ತಿದ್ದವನು ಆ ಮಗನೇ. ಒಳ್ಳೆಯವನು. ಮಾವನನ್ನು ಕಂಡವನೇ ಕಪಾಟಿನಿಂದ ಬ್ಯಾಟರಿ ತೆಗೆದು ಕೈಗಿಟ್ಟ.

"ತಗೊಂಡ್ ಹೋಗ್ರಿ ಕಾಕಾ. ನೀವು ಎಷ್ಟು ಕೊಟ್ರೂ ಸೈ. ಅಪ್ಪಾಜಿಗೂ ಸಮಾಧಾನ ಆಗ್ತತಿ."

ಎಷ್ಟು ಕೊಟ್ಟರೂ ಸೈ! ಜೀವಮಾನವಿಡೀ ಮಾವ ಯಾವ ಮಾತಿಗಾಗಿ ಬಿಸಿಲಲ್ಲಿ ತಿರುಗಿದ್ದರೋ ಆ ಮಾತು. ಇನ್ನೇನು ಐನೂರು ಎಣಿಸುತ್ತಾರೆ ಎಂದುಕೊಂಡೆ. ಮಾವ ಬ್ಯಾಟರಿಯನ್ನು ಮೆಲ್ಲಗೆ ಕಪಾಟಿನಲ್ಲಿ ವಾಪಸಿಟ್ಟರು. "ನನ್ನ ಯಾಪಾರ ನಿನ್ನ ಹತ್ರ ಅಲ್ಲೋ ತಮ್ಮಾ" ಎಂದು ಹೊರಟೇಬಿಟ್ಟರು.

ಸಾವ್ಕಾರ್ರನ್ನು ಅಂಗಡಿಗೆ ಕರೆತರಲು ಶುರುಮಾಡಿದ್ದಾರೆ ಎಂದು ಗೊತ್ತಾದ ವಾರವೇ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹೋದೆವು. ಸಾವ್ಕಾರ್ರು ಬಾಗಿಲ ಹತ್ತಿರ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂತಿದ್ದರು. ಬಂದವರೆಲ್ಲ ಅವರ ಮುಂದೆ ಬಗ್ಗಿ, ಕೂಸನ್ನು ಮಾತಾಡಿಸುವಂತೆ "ಆರಾಮಿದೀರಾ? ಊಟ ಆತಾ?" ಎನ್ನುತ್ತಿದ್ದರು. ಅವರು ತಲೆಯನ್ನೂ ಆಡಿಸುತ್ತಿರಲಿಲ್ಲ.

ಮಾವ ಬಗ್ಗಲಿಲ್ಲ. ಆರಾಮಾ ಎಂದು ಕೇಳಲೂ ಇಲ್ಲ. ಕಪಾಟಿನಿಂದ ಬ್ಯಾಟರಿ ತೆಗೆದು ಸಾವ್ಕಾರ್ರ ಮುಖದೆದುರು ಹಿಡಿದು ಗಟ್ಟಿಯಾಗಿ ಕೇಳಿದರು: "ಏನ್ರಿ ಸಾವ್ಕಾರ್ರೆ, ಇದನ್ನ ಇನ್ನ ಇಟ್ಗೊಂಡು ಕುಂತೀರೇನ್ರಿ? ಹಳೇ ಮಾಲು ಆತಿದು. ನಾನೂರು ಕೊಡ್ತೀನಿ."

"ಕಾಕಾ, ಏನಿದು..." ಎಂದು ಮಗ ಮುಂದೆ ಬಂದ. ನಾನು ಮಾವನ ತೋಳು ಹಿಡಿದೆ. ಕೊಡವಿಕೊಂಡರು.

"ನಾನೂರೂ ಜಾಸ್ತಿ ಆತು ನೋಡ್ರಿ. ಮುನ್ನೂರು. ಧೂಳು ಬ್ಯಾರೆ ಕುಂತತಿ. ಇನ್ನೂರು!"

ಸಾವ್ಕಾರ್ರ ಕಣ್ಣು ಗೋಡೆಯಿಂದ ಇತ್ತ ತಿರುಗಿತು. ಕತ್ತಿನ ನರ ಉಬ್ಬಿತು.

"ನೂರು! ಚಾರ್ಜರ್ ಪುಗಸಟ್ಟೆ!"

"ಗಿ..." ಎಂದರು ಸಾವ್ಕಾರ್ರು. ಎಂಜಲು ಸುರಿಯಿತು. ಮಗ ಒರೆಸಲು ಹೋದರೆ ಎಡಗೈಯಿಂದ ತಳ್ಳಿದರು. "ಗಿ... ಗಿಟ್..."

ಮಾವ "ಏನಂದ್ರಿ? ಕೇಳಲಿಲ್ಲ" ಎಂದರು, ಪಾಪಿ!

"ಗಿಟ್... ಟಂಗಿಲ್ಲ!"

ನೆಟ್ಟಗೆ ಬಂದ ಮಾತಲ್ಲ, ಅರ್ಧ ಮೂಗಿನಿಂದ ಬಂದದ್ದು. ಆದರೆ ಬಂತು. ಮಗ ಅಲ್ಲೇ ಮೊಳೆಯ ಡಬ್ಬಿಗಳ ಮೇಲೆ ಕುಸಿದು ಕೂತು ಅತ್ತುಬಿಟ್ಟ.

ಮಾವ ಪದ್ಧತಿ ಬಿಡಲಿಲ್ಲ. "ಗಿಟ್ಟದಿದ್ರೆ ಬಿಡ್ರಿ" ಎಂದು ಮೆಟ್ಟಿಲಿಳಿದು ಬಳೆ ಅಂಗಡಿಯ ಮುಂದೆ ಬೆನ್ನು ತಿರುಗಿಸಿ ನಿಂತರು. ನಾನು ಓಡಿಹೋಗಿ ನೋಡಿದರೆ ಇಸ್ತ್ರಿ ಅಂಗಿಯ ಎದೆಭಾಗವೆಲ್ಲ ಕಣ್ಣೀರಿಗೆ ಒದ್ದೆ. "ಬರ್ರಿ ಮಾವ, ಒಳಗೆ ಹೋಗೋಣ" ಎಂದೆ.

"ತಡಿಯೋ. ಕರೀಬೇಕು ಅವರು."

ನಿಂತೆವು. ಬಿಸಿಲು ಚುರುಗುಟ್ಟುತ್ತಿತ್ತು. ಕೈಗಾಡಿಗಳು ನಮ್ಮನ್ನು ಬೈಯುತ್ತಾ ದಾಟಿಹೋದವು. ಎಷ್ಟು ಹೊತ್ತಾಯಿತೋ, ಹಿಂದಿನಿಂದ ಒಂದೊಂದೇ ತುಂಡಾಗಿ ಬಂತು: "ಬ... ರ್ರಿ... ಚಾ..."

ಮಾವ ಟವೆಲಿನಲ್ಲಿ ಮುಖ ತಿಕ್ಕಿಕೊಂಡು, ಸಿಟ್ಟಿನ ಮುಖ ಮಾಡಿಕೊಂಡು ಒಳಗೆ ಹೋಗಿ ಕೂತರು. ಇಬ್ಬರೂ ಚಹಾ ಕುಡಿದರು. ಸಾವ್ಕಾರ್ರ ಲೋಟವನ್ನು ಮಾವನೇ ಹಿಡಿದಿದ್ದರು. ಹೊರಡುವಾಗ ಮಗ ಬ್ಯಾಟರಿಯನ್ನು ಕಾಗದದಲ್ಲಿ ಸುತ್ತಿ ತಂದ.

"ಅದನ್ನ ಒಳಗಿಡೋ" ಎಂದರು ಮಾವ. "ಇನ್ನ ರೇಟು ಎಲ್ಲಿ ಕುದುರೈತಿ? ಮುಂದಿನ ವಾರ ಬರ್ತೀನಿ."