ಅಡುಗೆಮನೆ ಗೋಡೆಯ ದರ ವಿಶ್ಲೇಷಣೆ

ಪುಟ್ಟಬಸಮ್ಮ: ಒಪ್ಪಿ ಮುಗಿದ ಮಾತನ್ನ ಮತ್ಯಾಕ್ರೀ ಕೆದಕ್ತೀರ? ಹದಿನೆಂಟು ರೂಪಾಯಿಗೆ ಇಡೀ ಮನೆಗೆ ಸುಣ್ಣ ಹೊಡೀತೀನಿ ಅಂದಿದ್ದಾನೆ. ಹೊಡೀಲಿ ಬಿಡಿ.

ಗುರುಸಿದ್ದಯ್ಯ: ಹದಿನೆಂಟು ಅನ್ನೋದು ಎಲ್ಲಿಂದ ಬಂತು? ಬಿಡಿಸಿ ನೋಡ್ಬೇಕು ಕಣೇ. ಸಾಮಾನಿಗೆಷ್ಟು, ಕೂಲಿಗೆಷ್ಟು, ಲಾಭಕ್ಕೆಷ್ಟು.

ಪುಟ್ಟಬಸಮ್ಮ: ಎಲ್ಲಿಂದಲೂ ಬರಲಿಲ್ಲ. ಅವನು ಇಪ್ಪತ್ತೈದು ಅಂದ, ನಾನು ಹತ್ತು ಅಂದೆ. ಇಬ್ರೂ ಗಂಟಲು ಹರ್ಕೊಂಡು ಹದಿನೆಂಟಕ್ಕೆ ನಿಂತ್ವಿ.

ರೂಪಾಯಿಗೆ ಬೆಲೆಯಿದ್ದ ಕಾಲ ಅದು. ಗುರುಸಿದ್ದಯ್ಯ ಸರ್ಕಾರಿ ಕಚೇರಿಯೊಂದರಲ್ಲಿ ಟೆಂಡರುಗಳನ್ನು ನೋಡಿಕೊಳ್ಳುವ ಗುಮಾಸ್ತ. ಗುತ್ತಿಗೆದಾರರು ಕೇಳುವ ದರದಲ್ಲಿ ನಿಜವಾದ ಖರ್ಚೆಷ್ಟು ಎಂದು ವಿಶ್ಲೇಷಿಸುವ ತರಬೇತಿಯನ್ನು ಮುಗಿಸಿ ಹಿಂದಿನ ಸಂಜೆಯಷ್ಟೇ ಬೆಂಗಳೂರಿನಿಂದ ತನ್ನೂರಿನ ಮನೆಗೆ ಮರಳಿದ್ದ. ಕಲಿತ ವಿದ್ಯೆ ಇನ್ನೂ ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತಿತ್ತು. ಹೆಂಡತಿ ಪುಟ್ಟಬಸಮ್ಮನಿಗೆ ಆ ವಿದ್ಯೆಯ ಮೇಲೆ ಹಗೆಯೇನೂ ಇರಲಿಲ್ಲ. ಭಾನುವಾರ ನಾದಿನಿ ಪ್ರೇಮಲೀಲಾ ಬರುವವಳಿದ್ದಳು, ಅಷ್ಟೇ. ಹಿಂದಿನ ಸಲ ಬಂದಾಗ ಅವಳು ಅಡುಗೆಮನೆಯ ಗೋಡೆಯ ಮೇಲೆ ಬೆರಳಾಡಿಸಿ, ಅಂಟಿದ ಮಸಿಯನ್ನು ನೆಂಟರೆಲ್ಲರಿಗೂ ತೋರಿಸಿ, ‘ಅತ್ತಿಗೆಗೆ ಕಾಡಿಗೆ ಕೊಳ್ಳೋ ಖರ್ಚೇ ಇಲ್ಲ’ ಎಂದಿದ್ದಳು. ನೆಂಟರು ನಕ್ಕ ಆ ನಗು ಪುಟ್ಟಬಸಮ್ಮನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ಭಾನುವಾರದೊಳಗೆ ಆ ಗೋಡೆ ಬೆಳ್ಳಗಾಗಲೇಬೇಕು.

ಅಂಗಳದಲ್ಲಿ ಸುಣ್ಣದ ಜವರಯ್ಯ ಏಣಿಗೊರಗಿಕೊಂಡು ಎಲೆಯಡಿಕೆ ಜಗಿಯುತ್ತಿದ್ದ.

ಗುರುಸಿದ್ದಯ್ಯ: ಹೆದರ್ಕೋಬೇಡ ಜವರಯ್ಯ. ನಾನು ಚೌಕಾಸಿ ಮಾಡ್ತಿಲ್ಲ. ನಿನಗೆ ಬೀಳೋ ಖರ್ಚೆಲ್ಲ ಒಂದೊಂದಾಗಿ ಹೇಳು.

ಜವರಯ್ಯ: ಯಾಕ್ ಬುದ್ಧಿ, ಸರ್ಕಾರ್ದೋರು ಏನಾರ ಕೊಡ್ತಾರಾ?

ಗುರುಸಿದ್ದಯ್ಯ: ಕೊಡಲ್ಲ. ನ್ಯಾಯವಾದ ದರ ಗೊತ್ತಾಗ್ಬೇಕಲ್ಲ, ಅದಕ್ಕೆ. ಸುಣ್ಣ ಎಲ್ಲಿಂದ ತರ್ತೀಯ?

ಜವರಯ್ಯ: ನಮ್ ಬಾಮೈದ ಮಂಡಕಳ್ಳಿಯಿಂದ ತಂದ್ಕೊಡ್ತಾನೆ. ಕಾಸಿಲ್ಲ.

ಪುಟ್ಟಬಸಮ್ಮ: ಕೇಳಿಸ್ತಾ? ಸುಣ್ಣ ಪುಕ್ಕಟೆ. ಕಳೀರಿ ಹದಿನೆಂಟರಲ್ಲಿ.

ಗುರುಸಿದ್ದಯ್ಯ: ಕಳೆಯೋ ಹಾಗಿಲ್ಲ. ಪುಕ್ಕಟೆ ಬಂದ್ರೂ ಪೇಟೆ ಧಾರಣೆ ಹಿಡೀಬೇಕು.

ಜವರಯ್ಯನ ಬಾಯಿ ಜಗಿಯುವುದನ್ನು ನಿಲ್ಲಿಸಿತು.

ಜವರಯ್ಯ: ಅಂಗಾ? ಆದ್ರೆ ಇನ್ನೊಂದದೆ ಬುದ್ಧಿ. ಅವ್ನು ಬಂದಾಗೆಲ್ಲ ನಾವು ಕೋಳಿ ಕುಯ್ತೀವಿ.

ಗುರುಸಿದ್ದಯ್ಯನ ಪೆನ್ಸಿಲು ಕೋಳಿಯ ಮುಂದೆ ಕ್ಷಣಕಾಲ ಅಳುಕಿತು. ಆಮೇಲೆ ಅದು ‘ಸಾಗಣೆ ವೆಚ್ಚ’ ಎಂದು ಬರೆಯಿತು.

ಪುಟ್ಟಬಸಮ್ಮ: ಶಿವಶಿವಾ! ಸೋಮವಾರ ಈರುಳ್ಳಿ ಮುಟ್ಟದ ಮನೆ ಇದು. ಕೋಳಿಗೆ ದುಡ್ಡು ಕೊಡೋದಾ?

ಗುರುಸಿದ್ದಯ್ಯ: ಅದೀಗ ಕೋಳಿ ಅಲ್ಲ, ಸಾಗಣೆ. ಮುಂದಕ್ಕೆ ಹೇಳಪ್ಪ. ಏಣಿ ಯಾರದು?

ಜವರಯ್ಯ: ನಮ್ಮಪ್ಪಂದು. ಎಲ್ಡು ಮೆಟ್ಲು ಹೊಂಟೋಗವೆ.

ಗುರುಸಿದ್ದಯ್ಯ: ಸವಕಳಿ ಹಾಕ್ಬೇಕು.

ಪುಟ್ಟಬಸಮ್ಮ: ಇಲ್ಲದ ಮೆಟ್ಟಿಲಿಗೂ ದುಡ್ಡಾ?

ಗುರುಸಿದ್ದಯ್ಯ: ಇದ್ದಿದ್ರೆ ಯಾಕೆ ಹಾಕ್ತಿದ್ದೆ? ಸರಿ, ಸುಣ್ಣ ಕಲಸೋರು ಯಾರು?

ಜವರಯ್ಯ: ನಮ್ಮೆಂಗಸು, ಭಾಗ್ಯಮ್ಮ. ಅವ್ಳಿಗೇನ್ ಕೂಲಿ, ಬುಡಿ.

ಪುಟ್ಟಬಸಮ್ಮ: ಯಾಕೆ ಬಿಡೋದು? ಸುಣ್ಣದಲ್ಲಿ ಕೈ ಸುಟ್ಕೊಳ್ಳೋಳು ಅವಳು. ಬರೀರಿ ಅವಳದ್ದೂ.

ಬಾಯಿಂದ ಜಾರಿದ ಮೇಲೆ ಪುಟ್ಟಬಸಮ್ಮ ತುಟಿ ಕಚ್ಚಿಕೊಂಡಳು. ಪೆನ್ಸಿಲು ಆಗಲೇ ಬರೆದಾಗಿತ್ತು. ಗುರುಸಿದ್ದಯ್ಯ ಕೂಡಿದ, ಲಾಭವನ್ನು ಸೇರಿಸಿದ, ಕಾಗದವನ್ನು ದೂರ ಹಿಡಿದು ಶಿಲ್ಪಿ ವಿಗ್ರಹವನ್ನು ನೋಡುವಂತೆ ನೋಡಿದ.

ಗುರುಸಿದ್ದಯ್ಯ: ಮೂವತ್ತೊಂದು. ಈಗ ಹೇಳು, ವಿಶ್ಲೇಷಣೆಯಿಂದ ಏನಾಯ್ತು? ಮೂವತ್ತೊಂದರ ಕೆಲಸ ನಮಗೆ ಹದಿನೆಂಟಕ್ಕೆ ಸಿಕ್ಕಿದೆ ಅಂತ ಗೊತ್ತಾಯ್ತು.

ಪುಟ್ಟಬಸಮ್ಮನ ಮುಖ ಅರಳಿತು. ಆದರೆ ಗೊತ್ತಾದದ್ದು ಅವಳೊಬ್ಬಳಿಗೇ ಅಲ್ಲ.

ಜವರಯ್ಯ: ಅಂದ್ರೆ ಇಷ್ಟು ವರ್ಸ ನಾನು ನನ್ ಕೈಯಿಂದ ಕಾಸಾಕಿ ಊರಿಗೆಲ್ಲ ಸುಣ್ಣ ಬಳ್ದೆ ಅನ್ನಿ.

ಗುರುಸಿದ್ದಯ್ಯ: ಲೆಕ್ಕ ಹಾಗೇ ಹೇಳುತ್ತೆ.

ಜವರಯ್ಯ: ಅಂಗಾರೆ ಈ ಕೆಲ್ಸ ನಂಗ್ ಬ್ಯಾಡ ಬುದ್ಧಿ.

ಪುಟ್ಟಬಸಮ್ಮ: ಅಯ್ಯೋ, ನಿಲ್ಲೋ ಮಾರಾಯ. ಇಪ್ಪತ್ತೈದು ತಗೊ.

ಜವರಯ್ಯ: ಇಪ್ಪತ್ತೈದಕ್ಕೂ ಲುಕ್ಸಾನೇ ಅಂತ ಅಯ್ನೋರೇ ಬರ್ದವ್ರೆ ಕಣವ್ವ.

ಪುಟ್ಟಬಸಮ್ಮ: ಮೂವತ್ತೊಂದೇ ಕೊಡ್ತೀನಿ, ಈಗಲೇ ಗೋಡೆ ಕೆರಿ.

ಗುರುಸಿದ್ದಯ್ಯ: ಅದು ಹೇಗಾಗುತ್ತೆ? ಒಪ್ಪಿದ ದರ ಏರಿಸೋದಾದ್ರೆ ಹೊಸದಾಗಿ ಟೆಂಡರು ಕರೀಬೇಕು. ಕೊನೇಪಕ್ಷ ಮೂರು ಜನ ಬರಬೇಕು.

ಪುಟ್ಟಬಸಮ್ಮ ಮನಸ್ಸಿನಲ್ಲೇ ಭಾನುವಾರಕ್ಕೆ ದಿನ ಎಣಿಸಿದಳು. ಮೂರು ಜನ ಬರುವುದರೊಳಗೆ ಒಬ್ಬಳು ಬಂದೇಬಿಡುತ್ತಾಳೆ, ಬೆರಳೆತ್ತಿಕೊಂಡು. ಪುಟ್ಟಬಸಮ್ಮನ ದನಿ ಒಮ್ಮೆಲೇ ಮೃದುವಾಯಿತು.

ಪುಟ್ಟಬಸಮ್ಮ: ಅಲ್ರೀ, ಇಲಾಖೆಯೋರು ತಮ್ಮ ಕೆಲಸ ತಾವೇ ಮಾಡ್ಕೊಂಡ್ರೆ ಟೆಂಡರು ಬೇಕಾ?

ಗುರುಸಿದ್ದಯ್ಯ: ಅದಕ್ಕೆ ಬೇಡ.

ತರಬೇತಿಯ ಸತ್ಯಸಂಧತೆಯಿಂದ ಉತ್ತರ ಕೊಟ್ಟಮೇಲೆ ಅದರ ಅರ್ಥ ಅವನಿಗೆ ಹೊಳೆಯಿತು. ಅಷ್ಟರಲ್ಲಿ ಪುಟ್ಟಬಸಮ್ಮ ಅವನ ಕೈಯ ಪೆನ್ಸಿಲನ್ನು ಕಿತ್ತುಕೊಂಡು ಬಾಗಿಲ ಮೂಲೆಯಲ್ಲಿದ್ದ ಮನೆಯದೇ ಸುಣ್ಣದ ಕುಂಚವನ್ನಿಟ್ಟಾಗಿತ್ತು.

ಪುಟ್ಟಬಸಮ್ಮ: ಪಂಚೆ ಎತ್ತಿ ಕಟ್ಟಿ. ಮೊದಲು ಅಡುಗೆಮನೆ.

ಗುರುಸಿದ್ದಯ್ಯ: ಅಷ್ಟೆತ್ತರ ನನಗೆ ನಿಲುಕುತ್ತಾ? ಜವರಯ್ಯ, ಏಣಿಯನ್ನಾದ್ರೂ ಬಾಡಿಗೆಗೆ ಬಿಟ್ಟುಹೋಗಪ್ಪ. ಏನು ಕೊಡಬೇಕು?

ಜವರಯ್ಯ ಏಣಿಯನ್ನು ಗೋಡೆಗೆ ಆನಿಸಿದ. ಬಾಯಲ್ಲಿದ್ದುದನ್ನು ಬೇಲಿಯಾಚೆ ಉಗಿದು ಬಂದ.

ಜವರಯ್ಯ: ಎಲ್ಡು ರೂಪಾಯಿ ಬುದ್ಧಿ. ಅದೆಂಗೆ ಎಲ್ಡು ಅಂತ ಕೇಳಾದಾದ್ರೆ, ಮೂರು.