ಕೆಮ್ಮು ಕತ್ತರಿಸುವ ಕೆಲಸ

ಕೆಮ್ಮು ಕತ್ತರಿಸಿ ಸಂಸಾರ ಸಾಕಿದವನು ನಾನು ಎಂದರೆ ನೀವು ನನ್ನನ್ನು ಡಾಕ್ಟರು ಅಂದುಕೊಂಡೀರಿ. ನಾನು ಹೊಸಪೇಟೆಯ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ಕಾರ್ಯಕ್ರಮ ಮಾಡುತ್ತಿದ್ದವನು. ದಿನಾ ಸಂಜೆ ಕಾಲು ಗಂಟೆ, ರಾಜಕೀಯ, ವಿಜ್ಞಾನ, ಸಮಾಜ, ಯಾವುದಾದರೊಂದು ವಿಷಯದ ಆಳಕ್ಕೆ ಇಳಿಯಬೇಕು. ದಿನಾ ಇಳಿಯುವವನಿಗೆ ಯಾವ ಆಳವೂ ಮೊಣಕಾಲಿಗಿಂತ ಮೇಲೆ ಬರುವುದಿಲ್ಲ, ಆ ಮಾತು ಬೇರೆ. ಸೋಮವಾರ ಪಂಚಾಯತಿ ಚುನಾವಣೆ, ಮಂಗಳವಾರ ಚಂದ್ರನ ಮೇಲೆ ನೀರು, ಬುಧವಾರ ವರದಕ್ಷಿಣೆ. ಮೂರಕ್ಕೂ ನನ್ನದೇ ಗಂಭೀರವಾದ ದನಿ. ನಮ್ಮ ಮನೆಯವಳು ಮಾತ್ರ, ಇಷ್ಟೆಲ್ಲ ತಿಳಿದವರಿಗೆ ಗ್ಯಾಸ್ ಮುಗಿಯುವುದು ಯಾಕೆ ತಿಳಿಯುವುದಿಲ್ಲ ಎಂದು ಕೇಳುತ್ತಿದ್ದಳು.

ಈ ಕೆಲಸದಲ್ಲಿ ಮಾತಾಡಿಸುವುದು ಸುಲಭ, ಆಮೇಲೆ ಅದನ್ನು ಸ್ವಚ್ಛ ಮಾಡುವುದೇ ಕಷ್ಟ. ರೇಡಿಯೋದಲ್ಲಿ ಜನ ಎಷ್ಟು ಚಂದ ಮಾತಾಡುತ್ತಾರೆ ಎಂದು ನೀವು ತಲೆದೂಗಿದ್ದರೆ ಅದರಲ್ಲಿ ನಮಗೂ ಪಾಲಿದೆ. ಯಾರೂ ಹಾಗೆ ಮಾತಾಡುವುದಿಲ್ಲ. ವಿಜ್ಞಾನಿ ಸೀನುತ್ತಾನೆ, ಮುಖಂಡ ತೇಗುತ್ತಾನೆ. ಅದರ ಮೇಲೆ ಅದಿರು ಲಾರಿಗಳು. ಆ ವರ್ಷಗಳಲ್ಲಿ ಸಂಡೂರಿನ ಕಡೆಯಿಂದ ಬರುವ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಕೂತು ಇತಿಹಾಸ ಹೇಳಿಸಿಕೊಂಡರೂ ಹಿಂದೆಲ್ಲೋ ಒಂದು ಹಾರ್ನ್ ಕೇಳುತ್ತಿತ್ತು. ಇವನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ತೆಗೆದುಹಾಕುತ್ತಿದ್ದವನು ನಮ್ಮ ತಂತ್ರಜ್ಞ ಗವಿಸಿದ್ದಪ್ಪ. ಅವನು ಕತ್ತರಿಸಿದ ಮಾತು ಕೇಳಿದರೆ ಅವರವರ ಹೆಂಡಂದಿರಿಗೇ ಗುರುತು ಹತ್ತುತ್ತಿರಲಿಲ್ಲ. ನಾವಿಬ್ಬರೂ ಇದರ ಬಗ್ಗೆ ಬಹಳ ಜಂಬಪಡುತ್ತಿದ್ದೆವು.

ಹೀಗಿರುವಾಗ ಒಂದು ಗುರುವಾರಕ್ಕೆ ಧೂಳಿನ ಆಳಕ್ಕೆ ಇಳಿದೆ. ಪಾಪಿನಾಯಕನಹಳ್ಳಿಯಲ್ಲಿ ಲಾರಿ ಹೋಗುವ ರಸ್ತೆಯ ಪಕ್ಕದಲ್ಲೇ ಹುಲಿಗೆಮ್ಮ ಎಂಬಾಕೆಯ ಮನೆ. ಕೂಲಿ ಮಾಡುವ ಹೆಂಗಸು, ಬಿಳಿ ಕೂದಲು ಕೆಂಧೂಳಿಗೆ ಮೆಹಂದಿ ಹಚ್ಚಿದಂತಾಗಿತ್ತು. ಆಕೆ ಕೇಳುತ್ತಿದ್ದುದು ಇಷ್ಟೇ: ಬೆಳಿಗ್ಗೆ, ಸಂಜೆ ಒಂದೊಂದು ಟ್ಯಾಂಕರ್ ತಂದು ರಸ್ತೆಗೆ ನೀರು ಹೊಡೆಯಿರಿ, ಕೆಮ್ಮಿ ಕೆಮ್ಮಿ ಸಾಯುತ್ತಿದ್ದೇವೆ. ಹೇಳುವಾಗ ಮಾತಿಗೊಂದು ಕೆಮ್ಮು ಬರುತ್ತಿತ್ತು. ನಾನು ಸಮಾಧಾನದಿಂದ ಮೈಕು ಹಿಡಿದು ಕೂತೆ. ಗವಿಸಿದ್ದಪ್ಪನೂ ಸಮಾಧಾನದಿಂದ ಎಲ್ಲ ಕೆಮ್ಮನ್ನೂ ತೆಗೆದ. ಕಾರ್ಯಕ್ರಮ ಮಸ್ತ್ ಬಂತು ಎಂದು ಕಂಪ್ಲಿಯಿಂದಲೂ ಫೋನು ಬಂತು.

ಮುಂದಿನ ವಾರವೇ ಹುಲಿಗೆಮ್ಮ ಬಸ್ಸು ಹತ್ತಿ ನಮ್ಮ ಕೇಂದ್ರಕ್ಕೆ ಬಂದಳು. ಊರಿನವರೆಲ್ಲ ಸೇರಿ ಟ್ಯಾಂಕರಿಗಾಗಿ ತಾಲೂಕು ಕಚೇರಿಯ ಸಾಹೇಬರೊಬ್ಬರ ಬಳಿ ಹೋಗಿದ್ದರಂತೆ. ಸಾಹೇಬರು ನಮ್ಮ ಕಾರ್ಯಕ್ರಮದ ಅಭಿಮಾನಿ. ನಿನ್ನ ಮಾತು ನಾನೇ ಕೇಳಿದ್ದೇನಮ್ಮ, ಕೋಗಿಲೆ ಹಾಗೆ ಮಾತಾಡಿದ್ದೀಯ, ಒಮ್ಮೆಯೂ ಕೆಮ್ಮಲಿಲ್ಲವಲ್ಲ, ಯಾವ ಧೂಳು, ಎಲ್ಲಿಯ ಧೂಳು ಎಂದು ಕೇಳಿದರಂತೆ. ಆಕೆಗೆ ನಮ್ಮ ಮೇಲೆ ಸಿಟ್ಟೇನೂ ಇರಲಿಲ್ಲ. ಅದೇ ಕಷ್ಟವಾಯಿತು ನೋಡಿ.

"ನನ್ನ ಕೆಮ್ಮು ಎಲ್ಲಿ ಇಟ್ಟೀರಿ ಸರ? ಇದ್ರ ಕೊಡ್ರಿ. ಸಾಹೇಬ್ರಿಗೆ ಕೇಳಿಸಿ ವಾಪಸ್ ತಂದ್ ಕೊಡ್ತೀನಿ" ಅಂದಳು.

ಕತ್ತರಿಸಿದ್ದನ್ನು ಗವಿಸಿದ್ದಪ್ಪ ಅಂದಂದೇ ಅಳಿಸಿಬಿಡುತ್ತಿದ್ದ. ಅದಕ್ಕೇನಂತೆ, ಈಗಲೇ ಇನ್ನೊಮ್ಮೆ ರೆಕಾರ್ಡ್ ಮಾಡೋಣ, ಈ ಸಲ ಒಂದು ಕೆಮ್ಮನ್ನೂ ಬಿಡುವುದಿಲ್ಲ ಎಂದು ಧೈರ್ಯ ಹೇಳಿ ಸ್ಟುಡಿಯೋದಲ್ಲಿ ಕೂರಿಸಿದೆ. ಎಲ್ಲ ಕಡೆಯಿಂದ ಮುಚ್ಚಿದ ಕೋಣೆ, ಏಸಿಯ ತಂಪು, ಕೆಳಗೆ ಜಮಖಾನ. ಕೆಂಪು ದೀಪ ಹತ್ತಿತು. ಆಕೆ ಮಾತಾಡಿದಳು. ಕೆಮ್ಮು ಬರಲಿಲ್ಲ. ಇನ್ನಷ್ಟು ಮಾತಾಡಿಸಿದೆ, ಆಗಲೂ ಬರಲಿಲ್ಲ. ಕೊನೆಗೆ ಬೇಕೆಂದೇ ಕೆಮ್ಮಿ ತೋರಿಸಿದಳು, ಅದು ಶಾಲೆಯ ನಾಟಕದಲ್ಲಿ ಮುದುಕಿ ಪಾತ್ರದವರು ಕೆಮ್ಮುವ ಹಾಗಿತ್ತು. ಇಬ್ಬರಿಗೂ ನಗು ಬಂತು. "ಇಲ್ಲಿ ಎದಿ ಭಾಳ ಹಗುರ ಐತ್ರಿ. ಬಸ್ ಬರೂತನ ಇಲ್ಲೇ ಕುಂದ್ರಲೇನ್ರಿ?" ಎಂದು ಕೇಳಿದಳು. ಕೂತಳು. ಮಧ್ಯಾಹ್ನದ ಚಿತ್ರಗೀತೆಗಳು ಮುಗಿಯುವವರೆಗೆ ಮೂಲೆಯ ಕುರ್ಚಿಯಲ್ಲಿ ಗೋಡೆಗೊರಗಿ ಸುಮ್ಮನೆ ಉಸಿರಾಡುತ್ತಿದ್ದಳು.

ಊರಿಗೇ ಬಂದು ರೆಕಾರ್ಡ್ ಮಾಡುತ್ತೇನೆ ಎಂದು ಮಾತು ಕೊಟ್ಟು ಕಳಿಸಿದೆ. ಆದರೆ ದಿನಕ್ಕೊಂದು ಆಳ ತೋಡಬೇಕಾದವನಿಗೆ ತೋಡಿದ್ದನ್ನೇ ಮತ್ತೆ ತೋಡಲು ಪುರುಸೊತ್ತು ಸಿಗುತ್ತದೆಯೇ? ಸರ್ಕಾರ ಅಲುಗಾಡಿತು, ಗ್ರಹಣ ಬಂತು, ಮೆಟ್ರಿಯ ಕಡೆ ಭತ್ತಕ್ಕೆ ರೋಗ ಬಂತು. ನಾನು ಹೋಗುವ ಹೊತ್ತಿಗೆ ಹುಲಿಗೆಮ್ಮ ಹಾಸಿಗೆ ಹಿಡಿದಿದ್ದಳು. ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರಂತೆ. ನನ್ನನ್ನು ನೋಡಿ ಏನೋ ಹೇಳಲು ಹೋದಳು. ಬರೀ ಕೆಮ್ಮು ಬಂತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಟೇಬಿಡುತ್ತಿದ್ದೆ, ಆದರೆ ಆಕೆ ಕೈಯೆತ್ತಿ ನನ್ನ ಚೀಲ ತೋರಿಸಿದಳು. ಮೈಕು ತೆಗಿ ಎಂದು ಅದರ ಅರ್ಥ. ಸೊಸೆ ತಲೆ ಹಿಡಿದು ಕೂರಿಸಿದಳು, ನಾನು ಮೈಕು ಹಿಡಿದೆ.

ಆ ಸಂಜೆ ಅದನ್ನು ಕತ್ತರಿ ಮುಟ್ಟಿಸದೆ ಪ್ರಸಾರ ಮಾಡಿದೆವು. ಪೀಠಿಕೆ ಇಲ್ಲ, ತಜ್ಞರಿಲ್ಲ. ಹೆಸರು, ಊರು ಹೇಳಿ ಬಿಟ್ಟೆ. ಕಾಲು ಗಂಟೆ ಕೆಮ್ಮು, ಅದರ ಹಿಂದೆ ಲಾರಿ. ಮುಗಿಯುವುದರೊಳಗೆ ಫೋನುಗಳು ಬಂದವು. ನಿಮ್ಮ ಸ್ಟೇಷನ್ ಕೆಟ್ಟಿದೆ ಎಂದು ಒಬ್ಬರು, ಊಟದ ಹೊತ್ತಿಗೆ ಇದೇನು ಗಲೀಜು ಎಂದು ಇನ್ನೊಬ್ಬರು. ಸಾಹೇಬರೂ ಮಾಡಿದ್ದರು, ಸಿಗ್ನಲ್ ಸರಿಯಿಲ್ಲ ನೋಡಿ ಎಂದು ಕಾಳಜಿಯಿಂದ ಹೇಳಿದರು. ಕೊನೆಯದು ಸೊಸೆಯ ಫೋನು.

"ಅತ್ತಿ ಹೋದ್ರು ಸರ. ರೇಡಿಯೋ ಬಾಜೂಕ ಇಟ್ಟಿದ್ವಿ. ತನ್ನ ಕೆಮ್ಮು ಬಂತಂತ ಗೊತ್ತಾತ್ರಿ ಆಕಿಗೆ."

ಮರುದಿನ ನಮ್ಮ ಮೇಲಿನವರು ಕರೆದು, ಕೇಳುಗರಲ್ಲಿ ಕ್ಷಮೆ ಕೇಳಿಬಿಡಿ, ವಿಷಯ ಇಲ್ಲಿಗೇ ಮುಗಿಯಲಿ ಅಂದರು. ಹೋಗಿ ಮೈಕಿನ ಮುಂದೆ ಕೂತೆ. "ನಿನ್ನೆಯ ಪ್ರಸಾರದಲ್ಲಿ ಉಂಟಾದ ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ" ಎಂಬುದು ವಾಕ್ಯ. ಅಡಚಣೆ ಎಂಬಲ್ಲಿಗೆ ಬಂದಾಗಲೆಲ್ಲ ನನಗೇ ಕೆಮ್ಮು ಒತ್ತರಿಸಿ ಬರುತ್ತಿತ್ತು. ಅದೇ ಕೆಂಧೂಳಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಾಡಿ ನನಗೂ ಕೆಮ್ಮು ಅಂಟಿಕೊಂಡಿತ್ತಲ್ಲ. ಗವಿಸಿದ್ದಪ್ಪ ನನ್ನ ಕೆಮ್ಮನ್ನೂ ಕತ್ತರಿಸಿ ತುಂಡು ತುಂಡು ಜೋಡಿಸಿದ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಮನೆಯವಳು, ಇವತ್ತು ನಿಮ್ಮ ದನಿ ಎಷ್ಟು ಚೊಕ್ಕವಾಗಿತ್ತು, ಕೆಮ್ಮು ವಾಸಿಯಾದ ಹಾಗಿದೆ ಎಂದು ಸಂತೋಷಪಟ್ಟಳು. ಇಲ್ಲ ಎಂದು ಹೇಳಲು ಬಾಯಿ ತೆರೆದೆ, ಬರೀ ಕೆಮ್ಮು ಬಂತು. ಆಕೆ ನೀರು ತರಲು ಒಳಗೆ ಓಡಿದಳು.